ಹದಿನಾರು ದಿನದ ಅವಸರ

ಅಣುಶಕ್ತಿಯ ಮಾತು ಬಂದಾಗಲೆಲ್ಲ ದುಡಿಯುವ ಜನಕ್ಕೆ ಎರಡು ಬಗೆಯ ಉತ್ತರ ಕೊಟ್ಟು ಬಾಯಿ ಮುಚ್ಚಿಸುವ ರೂಢಿ ಎಲ್ಲ ದೇಶಗಳಲ್ಲೂ ಬೆಳೆದುಬಂದಿದೆ. ಇದು ಮಹಾ ವಿಜ್ಞಾನ, ನಿಮ್ಮ ತಲೆಗೆ ಹತ್ತುವಂಥದಲ್ಲ ಎಂಬುದೊಂದು. ಇದು ರಾಜ್ಯದ ರಹಸ್ಯ, ನೀವು ಕೇಳತಕ್ಕದ್ದಲ್ಲ ಎಂಬುದು ಇನ್ನೊಂದು. ಮೊದಲನೆಯದು ಸುಳ್ಳೆಂದು ತೋರಿಸಿಕೊಟ್ಟರೆ ಎರಡನೆಯದರ ಬಣ್ಣ ತಾನಾಗಿಯೇ ಬಯಲಾಗುತ್ತದೆ. ಆದುದರಿಂದ ಬೋನಸ್ಸಿನ ಜಗಳವನ್ನೂ ತೆರಿಗೆಯ ಗೋಳನ್ನೂ ಒಂದು ವಾರದ ಮಟ್ಟಿಗೆ ಬದಿಗಿಟ್ಟು, ಅಯೋಡಿನ್ ಎಂಬ ಒಂದೇ ಒಂದು ವಸ್ತುವಿನ ನಡತೆಯನ್ನು ವಾಚಕರ ಮುಂದಿಡುತ್ತೇವೆ. ಉರಿದು ಹೊರಬಂದ ಅಣು ಇಂಧನವನ್ನು ಆಮ್ಲದಲ್ಲಿ ಕರಗಿಸುವಾಗ ಈ ವಸ್ತು ಏನು ಮಾಡುತ್ತದೆ, ಅದು ಗೊತ್ತಿದ್ದವರು ಏನು ಮಾಡಿದರು ಎಂಬುದು ಇಂದಿನ ವಿಷಯ.

ಅಯೋಡಿನ್ ನಮಗೆ ಹೊಸದೇನೂ ಅಲ್ಲ. ಗಾಯಕ್ಕೆ ಹಚ್ಚುವ ಕಂದು ಬಣ್ಣದ ಟಿಂಕ್ಚರ್ ಅದೇ. ಕಿರಾಣಿ ಅಂಗಡಿಯಲ್ಲಿ ದಿನವೂ ತೂಗಿ ಕೊಡುವ ಉಪ್ಪಿನಲ್ಲಿ ಪೊಟ್ಯಾಸಿಯಂ ಅಯೋಡೇಟ್ ರೂಪದಲ್ಲಿ ಇರುವುದೂ ಅದೇ. ಗಿರಣಿಯ ಸಂಸ್ಕರಣ ಖಾತೆಯಲ್ಲಿ ದುಡಿದವರು ಇನ್ನೊಂದು ಬಗೆಯಲ್ಲಿ ಅದನ್ನು ಬಲ್ಲರು. ನೂಲಿಗೆ ಹಾಕಿದ ಗಂಜಿ ತೊಳೆದ ಮೇಲೂ ಬಟ್ಟೆಯಲ್ಲಿ ಉಳಿದಿದೆಯೆ ಎಂದು ನೋಡಲು ಒಂದು ತೊಟ್ಟು ಅಯೋಡಿನ್ ದ್ರಾವಣ ಬಿಡುತ್ತಾರೆ. ಗಂಜಿ ಉಳಿದಿದ್ದರೆ ಆ ಜಾಗ ನೀಲಿಯಾಗುತ್ತದೆ. ಅಡಗಿದ್ದನ್ನು ಹೊರಗೆಡಹುವ ಗುಣ ಅದಕ್ಕುಂಟು.

ಅದರ ಹುಟ್ಟಿನ ಕಥೆಯೂ ಕೇಳುವಂಥದು. 1811ರಲ್ಲಿ, ನೆಪೋಲಿಯನ್ನನ ಯುದ್ಧಗಳ ಕಾಲದಲ್ಲಿ, ಮದ್ದಿನ ಪುಡಿಗೆ ಬೇಕಾದ ಪೆಟ್ಲುಪ್ಪು ತಯಾರಿಸುತ್ತಿದ್ದ ಬರ್ನಾರ್ಡ್ ಕೂರ್ತ್ವಾ ಎಂಬ ಫ್ರೆಂಚ್ ಕಸುಬುದಾರ ಕಡಲ ಪಾಚಿಯ ಬೂದಿಗೆ ಗಂಧಕಾಮ್ಲ ಹೆಚ್ಚಾಗಿ ಹಾಕಿದಾಗ ನೇರಳೆ ಬಣ್ಣದ ಆವಿ ಎದ್ದಿತು. ತಣ್ಣನೆಯ ಜಾಗ ಸಿಕ್ಕಿದಲ್ಲಿ ಆ ಆವಿ ಹೊಳೆಯುವ ಕಪ್ಪು ಹರಳಾಗಿ ಕೂತಿತು. ಬಿಸಿ ತಗುಲಿದರೆ ಹಾರುವುದು, ತಂಪು ಸಿಕ್ಕಿದರೆ ಕೂರುವುದು, ಮತ್ತೆ ಬಿಸಿಯಾದರೆ ಮತ್ತೆ ಏಳುವುದು: ಇದು ಅಯೋಡಿನ್ನಿನ ಜಾಯಮಾನ. ಮುಂದೆ ಹೇಳುವ ಎಲ್ಲ ಅನರ್ಥಕ್ಕೂ ಮೂಲ ಇದೇ.

ಇನ್ನು ಕಾರ್ಖಾನೆಯ ಮಾತು. ಯುರೇನಿಯಂ ರಿಯಾಕ್ಟರಿನಲ್ಲಿ ಉರಿಯುವಾಗ ಅದರ ಪರಮಾಣು ಒಡೆದು ಹತ್ತಾರು ಬಗೆಯ ಹೊಸ ಧಾತುಗಳು ಹುಟ್ಟುತ್ತವೆ. ಸ್ವಲ್ಪ ಯುರೇನಿಯಂ ಪ್ಲುಟೋನಿಯಂ ಆಗಿ ಮಾರ್ಪಡುತ್ತದೆ. ಈ ಪ್ಲುಟೋನಿಯಂ ಬಾಂಬಿಗೂ ಬೇಕು, ಕೆಲವು ಬಗೆಯ ರಿಯಾಕ್ಟರಿಗೂ ಬೇಕು. ಅದನ್ನು ಬೇರ್ಪಡಿಸಿ ತೆಗೆಯುವ ಕೆಲಸಕ್ಕೆ ಮರುಸಂಸ್ಕರಣೆ ಎಂದು ಹೆಸರು. ಹೆಸರು ದೊಡ್ಡದಾದರೂ ಮೊದಲ ಹೆಜ್ಜೆ ಸರಳವಾದದ್ದು. ಉರಿದ ಇಂಧನವನ್ನು ಕಾದ ನೈಟ್ರಿಕ್ ಆಮ್ಲದಲ್ಲಿ ಕರಗಿಸುವುದು. ಅಕ್ಕಸಾಲಿಗರ ಓಣಿಯಲ್ಲಿ ಆಮ್ಲದ ಕುಡಿಕೆಯಿಂದ ಕಂದು ಹೊಗೆ ಏಳುವುದನ್ನು ನೋಡಿದವರು ಈ ದೃಶ್ಯವನ್ನು ಊಹಿಸಿಕೊಳ್ಳಬಹುದು. ಒಂದೇ ವ್ಯತ್ಯಾಸವೆಂದರೆ ಇಲ್ಲಿ ಮನುಷ್ಯ ಹತ್ತಿರ ನಿಲ್ಲುವಂತಿಲ್ಲ. ದಪ್ಪ ಕಾಂಕ್ರೀಟು ಗೋಡೆಯ ಆಚೆಯಿಂದ ಎಲ್ಲವನ್ನೂ ನಡೆಸಬೇಕು.

ಒಡೆದ ಪರಮಾಣುವಿನ ಚೂರುಗಳಲ್ಲಿ ಅಯೋಡಿನ್ ಒಂದು. ಇಂಧನದೊಳಗೆ ಅದು ಬಹುಮಟ್ಟಿಗೆ ಸೀಸಿಯಂ ಜೊತೆ ಕೂಡಿಕೊಂಡು ಉಪ್ಪಿನಂಥ ರೂಪದಲ್ಲಿ ತೆಪ್ಪಗಿರುತ್ತದೆ. ಆಮ್ಲ ತಗುಲಿದ ಕೂಡಲೆ ಸಂಗತಿ ಬದಲಾಗುತ್ತದೆ. ಕರಗುವ ಕೆಲಸದಲ್ಲೇ ಹುಟ್ಟುವ ನೈಟ್ರಸ್ ಆಮ್ಲ ಅಯೋಡಿನ್ನನ್ನು ಅದರ ಉಪ್ಪಿನ ಸೆರೆಯಿಂದ ಬಿಡಿಸುತ್ತದೆ. ಬಿಡಿಯಾದ ಅಯೋಡಿನ್ ಕುದಿಯುವ ದ್ರಾವಣದಲ್ಲಿ ಏಕೆ ನಿಂತೀತು? ಕಂದು ಹೊಗೆಯ ಜೊತೆ ಮೇಲೆದ್ದು ಕೊಳವೆಯ ದಾರಿ ಹಿಡಿಯುತ್ತದೆ.

ಎಲ್ಲವೂ ಹೊರಟುಹೋಗುವುದಿಲ್ಲ. ಕೆಲವು ಪಾಲು ಅಯೋಡೇಟ್ ಆಗಿ ದ್ರಾವಣದಲ್ಲೇ ಉಳಿಯುತ್ತದೆ. ಒಡೆದ ಚೂರುಗಳಲ್ಲೇ ಸೇರಿರುವ ಬೆಳ್ಳಿ, ಪಲ್ಲೇಡಿಯಂಗಳ ಜೊತೆ ಕೂಡಿಕೊಂಡು ಇನ್ನಷ್ಟು ಪಾಲು ನುಣ್ಣನೆಯ ಗಸಿಯಾಗಿ ತಳ ಸೇರುತ್ತದೆ. ಹೀಗೆ ಉಳಿದದ್ದು ಮುಂದಿನ ಹಂತಕ್ಕೆ ಹೋದರೆ ಅಲ್ಲಿ ಪ್ಲುಟೋನಿಯಂ ಬೇರ್ಪಡಿಸಲು ಬಳಸುವ ಎಣ್ಣೆಯಂಥ ದ್ರಾವಕದ ಜೊತೆ ಸೇರಿ ಮೀಥೈಲ್ ಅಯೋಡೈಡ್ ಮೊದಲಾದ ಹೊಸ ವೇಷ ತಾಳುತ್ತದೆ. ಈ ವೇಷದಲ್ಲಿ ಅದನ್ನು ಹಿಡಿಯುವುದು ಇನ್ನೂ ಕಷ್ಟ. ಆದುದರಿಂದ ಬಲ್ಲವರು ಅಯೋಡಿನ್ನನ್ನು ಮೊದಲ ಪಾತ್ರೆಯಲ್ಲೇ ಪೂರ್ತಿ ಹೊರಗಟ್ಟಿ ಅಲ್ಲೇ ಹಿಡಿಯಲು ನೋಡುತ್ತಾರೆ. ಅದಕ್ಕಾಗಿ ನೈಟ್ರೋಜನ್ ಆಕ್ಸೈಡಿನ ಅನಿಲವನ್ನು ದ್ರಾವಣದೊಳಗೆ ಊದುವುದುಂಟು. ಕೆಲವು ವಿಧಾನಗಳಲ್ಲಿ ಪೊಟ್ಯಾಸಿಯಂ ಅಯೋಡೇಟನ್ನು, ಅಂದರೆ ಉಪ್ಪಿಗೆ ಬೆರೆಸುವ ಅದೇ ವಸ್ತುವನ್ನು, ಹೆಚ್ಚಾಗಿ ಸುರಿದು ಅದರ ಗುಂಪಿನಲ್ಲಿ ವಿಷದ ಅಯೋಡಿನ್ನನ್ನೂ ಎಬ್ಬಿಸಿ ಕಳುಹಿಸುವುದುಂಟು. ಮೊದಲ ಬಾಗಿಲಲ್ಲಿ ಹಿಡಿಯದಿದ್ದರೆ ಆಮೇಲೆ ಕಾರ್ಖಾನೆಯ ಪ್ರತಿಯೊಂದು ಬಾಗಿಲಲ್ಲೂ ಅದು ಎದುರಾಗುತ್ತದೆ.

ಎದ್ದ ಆವಿಯನ್ನು ಹಿಡಿಯುವುದು ಹೇಗೆ? ಒಂದು ದಾರಿ ಕಾಸ್ಟಿಕ್ ಸೋಡಾದ ನೀರು. ಆವಿಯನ್ನು ಅದರ ಮೂಲಕ ಹಾಯಿಸಿದರೆ ಅಯೋಡಿನ್ ಮತ್ತೆ ಉಪ್ಪಾಗಿ ನೀರಿನಲ್ಲಿ ನಿಲ್ಲುತ್ತದೆ. ಆದರೆ ಮೀಥೈಲ್ ಅಯೋಡೈಡಿನ ವೇಷದಲ್ಲಿ ಬಂದದ್ದು ಈ ನೀರಿಗೆ ಅಷ್ಟಾಗಿ ಸಿಗುವುದಿಲ್ಲ. ಇನ್ನೊಂದು ದಾರಿ ಬೆಳ್ಳಿ. ಬೆಳ್ಳಿಗೂ ಅಯೋಡಿನ್‌ಗೂ ಬಿಡಿಸಲಾರದ ನಂಟು. ಹಳೆಯ ಫೋಟೋ ಪ್ಲೇಟುಗಳ ಕಸುಬು ನಡೆದದ್ದೇ ಈ ನಂಟಿನ ಮೇಲೆ. ಬೆಳ್ಳಿಯ ಲವಣ ಲೇಪಿಸಿದ ಪಿಂಗಾಣಿ ತುಣುಕುಗಳ ನಡುವೆ ಬಿಸಿ ಅನಿಲವನ್ನು ಬಿಟ್ಟರೆ ಅಯೋಡಿನ್ ಅಲ್ಲೇ ಕಚ್ಚಿಕೊಳ್ಳುತ್ತದೆ. ಬೆಳ್ಳಿಗೆ ದುಡ್ಡು ಬೇಕು ಎಂಬುದನ್ನು ನಮ್ಮ ವ್ಯಾಪಾರಿ ಮಿತ್ರರಿಗೆ ಹೇಳಬೇಕಾಗಿಲ್ಲ. ರಸಾಯನ ಶಾಸ್ತ್ರದ ಲೆಕ್ಕದಂತೆ ಹತ್ತು ತೊಲ ಅಯೋಡಿನ್ ಕಟ್ಟಿಹಾಕಲು ಎಂಟು ಒಂಬತ್ತು ತೊಲ ಬೆಳ್ಳಿ ಬೇಕು. ವಾಸ್ತವದಲ್ಲಿ ಲೇಪಿಸಿದ ಬೆಳ್ಳಿಯೆಲ್ಲ ಕೆಲಸಕ್ಕೆ ಬರುವುದಿಲ್ಲವಾದ್ದರಿಂದ ಅದಕ್ಕಿಂತ ಹೆಚ್ಚೇ ಬೇಕಾಗುತ್ತದೆ.

ಮೂರನೆಯ ದಾರಿಗೆ ಕಾಸು ಖರ್ಚಿಲ್ಲ. ಅದು ಕಾಯುವುದು.

ಹೊಸದಾಗಿ ಹೊರಬಂದ ಇಂಧನದಲ್ಲಿ ಜನಕ್ಕೆ ಎಲ್ಲಕ್ಕಿಂತ ಅಪಾಯದ್ದು ಅಯೋಡಿನ್-131. ಅದರ ಅರ್ಧಾಯುಷ್ಯ ಎಂಟು ದಿನ. ಎಂಟು ದಿನಕ್ಕೆ ಅರ್ಧ, ಹದಿನಾರು ದಿನಕ್ಕೆ ಕಾಲು, ಇಪ್ಪತ್ತನಾಲ್ಕಕ್ಕೆ ಅರೆಕಾಲು, ಹೀಗೆ ಇಳಿಯುತ್ತ ಹೋಗುತ್ತದೆ. ತೊಂಬತ್ತು ದಿನ ನೀರಿನ ಕೊಳದಲ್ಲಿ ಇಟ್ಟು ಕಾದರೆ ಮೊದಲಿದ್ದುದರ ಎರಡು ಸಾವಿರದಲ್ಲಿ ಒಂದು ಪಾಲೂ ಉಳಿಯುವುದಿಲ್ಲ. ಲೆಕ್ಕ ಬರೆಯುವ ಯಾವ ಗುಮಾಸ್ತನಿಗೂ ತಿಳಿಯುವ ವಿಷಯವಿದು. ಕಾಯಬೇಕು, ಅಷ್ಟೆ. ಕಾಯಲು ಒಪ್ಪದವರು ಯಾರು, ಏಕೆ ಎಂಬುದು ಮುಂದಿನ ಪ್ರಶ್ನೆ.

ಅಮೆರಿಕಾದ ವಾಷಿಂಗ್ಟನ್ ಸಂಸ್ಥಾನದಲ್ಲಿ ಕೊಲಂಬಿಯಾ ನದಿಯ ದಡದಲ್ಲಿ ಹ್ಯಾನ್‌ಫರ್ಡ್ ಎಂಬ ಸ್ಥಳವಿದೆ. 1943ರಲ್ಲಿ ಅಲ್ಲಿನ ರೈತರನ್ನು ಎಬ್ಬಿಸಿ, ತಲೆತಲಾಂತರದಿಂದ ಆ ನದಿಯಲ್ಲಿ ಮೀನು ಹಿಡಿಯುತ್ತಿದ್ದ ವಾನಪಮ್ ಬುಡಕಟ್ಟಿನ ಜನರನ್ನೂ ದೂರಮಾಡಿ, ಸರ್ಕಾರ ಪ್ಲುಟೋನಿಯಂ ಕಾರ್ಖಾನೆ ಕಟ್ಟಿತು. ನಡೆಸುವ ಗುತ್ತಿಗೆ ಮೊದಲು ಡ್ಯೂಪಾಂಟ್ ಕಂಪೆನಿಗೆ, 1946ರಿಂದ ಜನರಲ್ ಎಲೆಕ್ಟ್ರಿಕ್ ಕಂಪೆನಿಗೆ. ಇಂಧನ ಕರಗಿಸುವ ಟಿ ಎಂಬ ಕಟ್ಟಡ ಸುಮಾರು 800 ಅಡಿ ಉದ್ದ. ಹಡಗಿನ ಹಾಗೆ ಕಾಣುತ್ತಿದ್ದುದರಿಂದ ಅಂಥ ಕಟ್ಟಡಗಳಿಗೆ ಅಲ್ಲಿನ ಕೆಲಸಗಾರರು ‘ಕ್ವೀನ್ ಮೇರಿ’ ಎಂದು ಹೆಸರಿಟ್ಟಿದ್ದರು. ಒಳಗೆ ಏನು ತಯಾರಾಗುತ್ತಿದೆ ಎಂದು ಬಹುಪಾಲು ಕೆಲಸಗಾರರಿಗೆ ಗೊತ್ತೇ ಇರಲಿಲ್ಲ. 1945ರ ಆಗಸ್ಟ್ 9ರಂದು ನಾಗಸಾಕಿಯ ಮೇಲೆ ಬಿದ್ದ ಬಾಂಬಿನ ಪ್ಲುಟೋನಿಯಂ ಇಲ್ಲಿಂದ ಹೋದದ್ದು.

1944ರ ಡಿಸೆಂಬರಿನಲ್ಲಿ ಕರಗಿಸುವ ಕೆಲಸ ಆರಂಭವಾಯಿತು. ಯುದ್ಧದ ಅವಸರ, ಬಾಂಬು ಬೇಗ ಬೇಕು. ಇಂಧನವನ್ನು ಹೆಚ್ಚು ದಿನ ಕಾಯಿಸಲಿಲ್ಲ. ಹೊಗೆಕೊಳವೆಯಲ್ಲಿ ಅಯೋಡಿನ್ ಹಿಡಿಯುವ ಏರ್ಪಾಡೂ ಇರಲಿಲ್ಲ. 200 ಅಡಿ ಎತ್ತರದ ಕೊಳವೆಯೇ ಎಲ್ಲಕ್ಕೂ ಪರಿಹಾರವೆಂದು ಭಾವಿಸಿದರು. ಅಲ್ಲಿಂದ ಮುಂದೆ ಹೊರಬಿದ್ದ ಅಯೋಡಿನ್-131ರ ಮೊತ್ತ ಏಳು ಲಕ್ಷ ಕ್ಯೂರಿಗಿಂತ ಹೆಚ್ಚೆಂದು ಬಹುಕಾಲದ ಮೇಲೆ ಸರ್ಕಾರದ ಹಣದಲ್ಲೇ ನಡೆದ ಲೆಕ್ಕಾಚಾರ ಹೇಳಿತು. ಅದರಲ್ಲಿ ಅತಿ ದೊಡ್ಡ ಪಾಲು 1945ನೆಯ ಇಸವಿಯೊಂದರದು. ಹೋಲಿಕೆಗಾಗಿ ಹೇಳುವುದಾದರೆ 1979ರಲ್ಲಿ ಜಗತ್ತೆಲ್ಲ ಗಾಬರಿಗೊಂಡ ಥ್ರೀ ಮೈಲ್ ಐಲೆಂಡ್ ಅಪಘಾತದಲ್ಲಿ ಹೊರಬಿದ್ದ ಅಯೋಡಿನ್-131 ಹದಿನೈದು ಇಪ್ಪತ್ತು ಕ್ಯೂರಿ.

ಯುದ್ಧದ ಮಾತನ್ನು ಬೇಕಾದರೆ ಒಂದು ಕ್ಷಣ ಒಪ್ಪಿಕೊಳ್ಳೋಣ. ಯುದ್ಧ ಮುಗಿದು ನಾಲ್ಕು ವರ್ಷದ ಮೇಲೆ ನಡೆದದ್ದಕ್ಕೆ ಯಾವ ಸಮಾಧಾನವಿದೆ?

1949ರ ಆಗಸ್ಟ್ 29ರಂದು ರಷ್ಯಾ ತನ್ನ ಮೊದಲ ಅಣುಬಾಂಬು ಸಿಡಿಸಿತು. ರಷ್ಯನ್ನರು ಪ್ಲುಟೋನಿಯಂ ಎಷ್ಟು ಮಾಡುತ್ತಿದ್ದಾರೆ ಎಂದು ಗಾಳಿಯ ವಾಸನೆಯಿಂದಲೇ ಪತ್ತೆಹಚ್ಚುವ ಆಸೆ ಅಮೆರಿಕಾದ ವಾಯುಸೇನೆಗೆ. ಅವರ ಅವಸರದ ಕಾರ್ಖಾನೆಯಿಂದ ಬರುವಂಥ ಹೊಗೆಯನ್ನು ತಾವೇ ಎಬ್ಬಿಸಿ, ತಮ್ಮ ಉಪಕರಣಗಳು ಎಷ್ಟು ದೂರದಿಂದ ಅದನ್ನು ಹಿಡಿಯಬಲ್ಲವು ಎಂದು ನೋಡಬೇಕೆಂದುಕೊಂಡರು. ಆ ಹೊತ್ತಿಗೆ ಹ್ಯಾನ್‌ಫರ್ಡಿನಲ್ಲಿ ಇಂಧನವನ್ನು 90ರಿಂದ 100 ದಿನ ಕಾಯಿಸುವ ಪದ್ಧತಿ ನೆಲೆಗೊಂಡಿತ್ತು. ಅದನ್ನು ಮುರಿದು, ಹೊರಬಂದು ಕೇವಲ ಹದಿನಾರು ದಿನವಾಗಿದ್ದ ಸುಮಾರು ಒಂದು ಟನ್ ಇಂಧನವನ್ನು 1949ರ ಡಿಸೆಂಬರ್ 2ರ ರಾತ್ರಿ ಟಿ ಕಟ್ಟಡದ ಪಾತ್ರೆಯಲ್ಲಿ ಕರಗಿಸಿದರು. ಇದಕ್ಕೆ ಅವರು ಕೊಟ್ಟ ಹೆಸರು ‘ಗ್ರೀನ್ ರನ್’. ಹಸಿ ಇಂಧನದ ಓಟ ಎಂದು ಅರ್ಥ ಮಾಡಬಹುದು. ಹಸಿ ಸೌದೆಯನ್ನು ಒಲೆಗಿಟ್ಟರೆ ಹೊಗೆಯಾಡುತ್ತದೆಂದು ನಮ್ಮ ಮನೆಯ ಹೆಂಗಸರಿಗೆ ಗೊತ್ತು. ಇಲ್ಲಿ ಹೊಗೆಗಾಗಿಯೇ ಹಸಿ ಸೌದೆ ಇಟ್ಟರು.

ಲೆಕ್ಕವನ್ನು ವಾಚಕರು ತಾವೇ ಮಾಡಿ ನೋಡಲಿ. ಹದಿನಾರು ದಿನಕ್ಕೆ ಅಯೋಡಿನ್-131ರ ಕಾಲು ಪಾಲು ಉಳಿದಿರುತ್ತದೆ; ತೊಂಬತ್ತು ದಿನಕ್ಕೆ ಎರಡು ಸಾವಿರದಲ್ಲೊಂದು. ಅಂದರೆ ಎಪ್ಪತ್ತನಾಲ್ಕು ದಿನ ಉಳಿಸಿದ ಅವಸರದಿಂದ ವಿಷ ಐನೂರಕ್ಕೂ ಹೆಚ್ಚು ಪಟ್ಟಾಯಿತು. ಆ ರಾತ್ರಿ ಹೊರಹೋದದ್ದು ಏಳೆಂಟು ಸಾವಿರದಿಂದ ಹನ್ನೊಂದು ಸಾವಿರ ಕ್ಯೂರಿಯವರೆಗೆ ಎಂದು ಬೇರೆ ಬೇರೆ ಲೆಕ್ಕಗಳಿವೆ. ಹವಾಮಾನವೂ ಅವರು ಬಯಸಿದಂತಿರಲಿಲ್ಲ. ಹೊಗೆ ಮೇಲೇರಿ ಚದುರುವ ಬದಲು ತಗ್ಗಿನಲ್ಲೇ ನಿಂತಿತು. ಸುಮಾರು 200 ಮೈಲು ಉದ್ದ, 40 ಮೈಲು ಅಗಲದ ಪ್ರದೇಶದಲ್ಲಿ ಅಯೋಡಿನ್ ಇಳಿಯಿತು. ಕೆಲವೆಡೆ ಗಿಡಗಂಟೆಗಳ ಮೇಲೆ ಆಗ ಅವರೇ ಗೊತ್ತುಮಾಡಿಕೊಂಡಿದ್ದ ಮಿತಿಯ ನೂರಾರು ಪಟ್ಟು ಕಂಡುಬಂತು. ಅಳೆಯುವವರು ಬಂದು ಎಲೆ ಕಿತ್ತು ಅಳೆದುಕೊಂಡು ಹೋದರು. ಊರವರಿಗೆ ಒಂದು ಮಾತೂ ಹೇಳಲಿಲ್ಲ.

ಎಲೆಯ ಮೇಲೆ ಕೂತ ಅಯೋಡಿನ್ ಅಲ್ಲೇ ಇದ್ದುಬಿಟ್ಟಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಹಸು ದಿನವೆಲ್ಲ ಎಕರೆಗಟ್ಟಲೆ ಮೇದು ಅಷ್ಟು ಜಾಗದ ಅಯೋಡಿನ್ನನ್ನು ತನ್ನ ಮೈಯಲ್ಲಿ ಕೂಡಿಸುತ್ತದೆ. ಅದು ಒಂದೆರಡು ದಿನದಲ್ಲಿ ಹಾಲಿಗೆ ಇಳಿಯುತ್ತದೆ. ಹಾಲು ಕುಡಿದವರ ಕೊರಳಿನ ಥೈರಾಯ್ಡ್ ಗ್ರಂಥಿ ಅದನ್ನು ಸೆಳೆದುಕೊಳ್ಳುತ್ತದೆ. ಒಳ್ಳೆಯ ಅಯೋಡಿನ್, ವಿಷದ ಅಯೋಡಿನ್ ಎಂಬ ಭೇದ ಗ್ರಂಥಿಗೆ ತಿಳಿಯದು. ಹಾಲು ಹೆಚ್ಚು ಕುಡಿಯುವುದು ಮಗು. ಮಗುವಿನ ಗ್ರಂಥಿ ಚಿಕ್ಕದು. ಅದೇ ಅಳತೆಯ ವಿಷ ಚಿಕ್ಕ ಗ್ರಂಥಿಯಲ್ಲಿ ಕೂತರೆ ಏಟು ಹೆಚ್ಚು. ಊಟದಲ್ಲಿ ಅಯೋಡಿನ್ ಕೊರತೆಯಿರುವ ಜನರ ಗ್ರಂಥಿ ಹಸಿದಿರುವುದರಿಂದ ಇನ್ನೂ ಹೆಚ್ಚು ಸೆಳೆದುಕೊಳ್ಳುತ್ತದೆ. ಗಳಗಂಡವಿರುವ ಸೀಮೆಗಳಲ್ಲಿ ಉಪ್ಪಿಗೆ ಅಯೋಡಿನ್ ಬೆರೆಸುವುದು ಏಕೆ ಎಂದು ಬಲ್ಲವರಿಗೆ ಈ ಮಾತು ಸುಲಭವಾಗಿ ತಿಳಿಯುತ್ತದೆ.

ನ್ಯಾಯವಾಗಿ ಒಂದು ಮಾತನ್ನು ಸೇರಿಸಬೇಕು. ಗ್ರೀನ್ ರನ್ ನಡೆದದ್ದು ಡಿಸೆಂಬರಿನ ಚಳಿಯಲ್ಲಿ. ಆಗ ಹಸುಗಳು ಬಹುಮಟ್ಟಿಗೆ ಕೊಟ್ಟಿಗೆಯಲ್ಲಿ ಒಣಹುಲ್ಲು ತಿನ್ನುತ್ತಿದ್ದವು. ಹಾಲಿನ ಮೂಲಕ ಮಕ್ಕಳಿಗೆ ಹೆಚ್ಚು ವಿಷ ತಲುಪಿರಬಹುದಾದದ್ದು 1945ರ ಹಸಿರು ಮೇವಿನ ತಿಂಗಳುಗಳಲ್ಲಿ. ಆದರೂ ನಾವು ಗ್ರೀನ್ ರನ್ನನ್ನೇ ಎತ್ತಿ ಹೇಳುತ್ತಿದ್ದೇವೆ. ಏಕೆಂದರೆ 1945ರಲ್ಲಿ ಅವಸರವಿತ್ತು, ಅನುಭವ ಸಾಲದಿತ್ತು. 1945ರ ಕೊನೆಯ ಹೊತ್ತಿಗೆ ಗಿಡಗಳ ಮೇಲೆ ಅಯೋಡಿನ್ ಕೂಡುತ್ತಿರುವುದನ್ನು ಹ್ಯಾನ್‌ಫರ್ಡಿನ ಆರೋಗ್ಯ ರಕ್ಷಣೆಯ ಮುಖ್ಯಸ್ಥ ಹರ್ಬರ್ಟ್ ಪಾರ್ಕರ್ ಅವರ ಸಿಬ್ಬಂದಿ ಅಳೆದು ತಿಳಿದಿದ್ದರು. ಕಾಯುವ ದಿನಗಳನ್ನು ಹೆಚ್ಚಿಸಿದ್ದೂ ಆ ತಿಳಿವಳಿಕೆಯಿಂದಲೇ. 1949ರಲ್ಲಿ ಎಲ್ಲವೂ ಗೊತ್ತಿತ್ತು. ಗೊತ್ತಿದ್ದೇ ಮಾಡಿದರು.

ಇದಕ್ಕೆ ಎದುರಾಗಿ ಇನ್ನೊಂದು ಸಂಗತಿಯನ್ನು ನೋಡಿ. 1957ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ವಿಂಡ್‌ಸ್ಕೇಲ್ ಎಂಬಲ್ಲಿ ರಿಯಾಕ್ಟರಿಗೇ ಬೆಂಕಿ ಬಿತ್ತು. ಅದು ಇಂಧನ ಕರಗಿಸುವಾಗ ಆದದ್ದಲ್ಲ. ಆದರೆ ಹೊರಬಿದ್ದದ್ದು ಇದೇ ಅಯೋಡಿನ್-131, ಅಂದಾಜು 20 ಸಾವಿರ ಕ್ಯೂರಿ. ಅಲ್ಲಿನ ಸರ್ಕಾರ ಅಪಘಾತದ ಕಾರಣಗಳ ವರದಿಯನ್ನು ಮೂವತ್ತು ವರ್ಷ ಮುಚ್ಚಿಟ್ಟಿತು, ನಿಜ. ಹಾಲನ್ನು ಮಾತ್ರ ಮುಚ್ಚಿಡಲಿಲ್ಲ. ಸುಮಾರು 500 ಚದರ ಕಿಲೋಮೀಟರ್ ಪ್ರದೇಶದ ಹಾಲನ್ನು ವಾರಗಟ್ಟಲೆ ತಡೆದು ಚೆಲ್ಲಿಸಿದರು, ರೈತರಿಗೆ ಪರಿಹಾರ ಕೊಟ್ಟರು. ಹಾಲು ಚೆಲ್ಲಿಸುವುದು ಅಸಾಧ್ಯವೇನೂ ಆಗಿರಲಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಒಂದು ವಾರ ಹಾಲು ಬೇಡ ಎಂಬ ಒಂದು ಸಾಲಿನ ಪ್ರಕಟಣೆ ಹ್ಯಾನ್‌ಫರ್ಡಿನ ಸುತ್ತಲ ತಾಯಂದಿರಿಗೆ ಸಾಕಾಗುತ್ತಿತ್ತು. ಆ ಸಾಲು ಬಂದಿದ್ದರೆ ಗುಟ್ಟು ಹೊರಬೀಳುತ್ತಿತ್ತು. ಗುಟ್ಟು ಮತ್ತು ಮಗು ಎರಡನ್ನು ತೂಗಿ ನೋಡಿ ಅವರು ಗುಟ್ಟನ್ನು ಉಳಿಸಿಕೊಂಡರು.

ರಷ್ಯಾ ಬೇರೆ ರೀತಿ ನಡೆಯಿತೆಂದು ಯಾರಾದರೂ ತಿಳಿದಿದ್ದರೆ ಅದು ಭ್ರಮೆ. ಯುರಾಲ್ ಸೀಮೆಯ ಮಾಯಾಕ್ ಕಾರ್ಖಾನೆಯಲ್ಲಿ ಅದೇ ಅವಸರ, ಅದೇ ಎತ್ತರದ ಕೊಳವೆ, ಅದೇ ಮೌನ. ಕಾರ್ಮಿಕರ ಹೆಸರಿನಲ್ಲಿ ಆಳುತ್ತಿದ್ದ ರಾಜ್ಯ ಕಾರ್ಮಿಕರ ಮಕ್ಕಳಿಗೇ ಹೀಗೆ ಮಾಡಿತೆಂಬುದನ್ನು ನಾವು, ಸಮಾಜವಾದಿಗಳು, ಇತರರಿಗಿಂತ ಗಟ್ಟಿಯಾಗಿ ಹೇಳಬೇಕು.

ಗ್ರೀನ್ ರನ್ನಿನ ಸುದ್ದಿ ಜನಕ್ಕೆ ತಿಳಿದದ್ದು 1986ರಲ್ಲಿ, ಮೂವತ್ತಾರು ವರ್ಷದ ಮೇಲೆ. ಅದೂ ಸರ್ಕಾರಕ್ಕೆ ತಾನಾಗಿ ಮನಸ್ಸು ಬಂದು ಅಲ್ಲ. ಸ್ಪೊಕೇನ್ ಊರಿನ ಕಡೆಯ ನಾಗರಿಕರೂ ಪತ್ರಿಕೆಯವರೂ ಬೆನ್ನು ಹತ್ತಿ ಕೇಳಿದ ಮೇಲೆ ಸುಮಾರು 19 ಸಾವಿರ ಪುಟಗಳ ಕಾಗದಪತ್ರ ಹೊರಬಿತ್ತು. ಆ ವೇಳೆಗೆ 1945ರ ಹಸುಗೂಸುಗಳು ನಲವತ್ತರ ಪ್ರಾಯದವರಾಗಿದ್ದರು. ಕೊರಳಲ್ಲಿ ಗಂಟು ಬಂದವರು, ಶಸ್ತ್ರಚಿಕಿತ್ಸೆಯ ಗಾಯದ ಗುರುತು ಇದ್ದವರು ಆಗ ತಮ್ಮ ಬಾಲ್ಯದ ಹಾಲಿನ ಲೋಟವನ್ನು ನೆನೆದುಕೊಂಡರು.

ಮುಂದೇನಾಯಿತು? ಸರ್ಕಾರ ಒಂದು ದೊಡ್ಡ ಅಧ್ಯಯನ ನಡೆಸಿತು. 1940ರಿಂದ 1946ರ ನಡುವೆ ಆ ಸೀಮೆಯಲ್ಲಿ ಹುಟ್ಟಿದ 3,440 ಜನರ ಕೊರಳನ್ನು ಪರೀಕ್ಷಿಸಿ, ಬಾಲ್ಯದಲ್ಲಿ ಅವರಿಗೆ ಎಷ್ಟು ವಿಷ ತಲುಪಿರಬಹುದೆಂದು ಅಂದಾಜು ಮಾಡಿ, ಹೆಚ್ಚು ತಲುಪಿದವರಲ್ಲಿ ರೋಗ ಹೆಚ್ಚಾಗಿದೆಯೆ ಎಂದು ಹುಡುಕಿದರು. 2002ರಲ್ಲಿ ಬಂದ ಕೊನೆಯ ವರದಿ, ಅಂಥ ಸಂಬಂಧ ಕಾಣಲಿಲ್ಲ ಎಂದಿತು. ಈ ವರದಿಯನ್ನು ನಾವು ಬಚ್ಚಿಡುವುದಿಲ್ಲ. ಬಚ್ಚಿಟ್ಟರೆ ನಾವು ದೂರುವವರಿಗೂ ನಮಗೂ ಅಂತರವೇನು? ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಐವತ್ತು ವರ್ಷದ ಹಿಂದೆ ಮಗು ದಿನಕ್ಕೆ ಎಷ್ಟು ಲೋಟ ಹಾಲು ಕುಡಿಯುತ್ತಿತ್ತು, ಆ ಹಾಲು ಮನೆಯ ಹಸುವಿನದೊ ಡೈರಿಯದೊ ಎಂದು ಮುದಿ ತಾಯಂದಿರ ನೆನಪಿನಿಂದ ಕಟ್ಟಿದ ಲೆಕ್ಕವಿದು. 1945ರಲ್ಲೇ ಹಾಲನ್ನು ಅಳೆದು ಬರೆದಿಟ್ಟಿದ್ದರೆ ನೆನಪಿನ ಮೊರೆಹೋಗಬೇಕಾಗಿರಲಿಲ್ಲ. ಮುಚ್ಚಿಟ್ಟವರೇ ಕೊನೆಗೆ ಸಾಕ್ಷ್ಯ ಸಾಲದೆಂಬುದರ ಲಾಭ ಪಡೆದರು. ಈ ಆಟ ಗಿರಣಿಯ ಧೂಳಿನಿಂದ ಎದೆ ಕೆಟ್ಟವನು ಪರಿಹಾರ ಕೇಳಲು ಹೋದಾಗ ಆಡುವ ಆಟವೇ. ಹಾಜರಿ ಪುಸ್ತಕ ಎಲ್ಲಿ, ಡಾಕ್ಟರ ಚೀಟಿ ಎಲ್ಲಿ, ಧೂಳು ನಮ್ಮದೇ ಎಂಬುದಕ್ಕೆ ರುಜುವಾತು ಎಲ್ಲಿ?

ಸಾವಿರಾರು ಜನ ಕೋರ್ಟಿಗೆ ಹೋದರು. 1990ರ ನಂತರ ಆರಂಭವಾದ ಮೊಕದ್ದಮೆಗಳು ಪೂರ್ತಿ ಮುಗಿದದ್ದು 2015ರಲ್ಲಿ. 2005ರಲ್ಲಿ ಮಾದರಿಗಾಗಿ ಆರು ಮಂದಿಯ ದಾವೆ ವಿಚಾರಣೆಗೆ ಬಂದಾಗ ಜ್ಯೂರಿ ಇಬ್ಬರಿಗೆ ಪರಿಹಾರ ಕೊಡಿಸಿತು. ಉಳಿದವರಲ್ಲಿ ಹಲವರು ರಾಜಿಯಲ್ಲಿ ಸಿಕ್ಕಿದ್ದನ್ನು ತೆಗೆದುಕೊಂಡರು. ಕೆಲವರು ಅಷ್ಟರಲ್ಲಿ ತೀರಿಕೊಂಡಿದ್ದರು. ಕಂಪೆನಿಗಳ ಪರ ವಕೀಲರ ಖರ್ಚನ್ನು ಕೊಟ್ಟದ್ದು ಸರ್ಕಾರದ ಖಜಾನೆ. ಅಂದರೆ ವಿಷ ಉಂಡವನ ತೆರಿಗೆಯ ಹಣದಿಂದಲೇ ಅವನ ವಿರುದ್ಧದ ವಾದ ನಡೆಯಿತು.

ಬೆಳ್ಳಿಯ ವಿಷಯ ಹೇಳಿದೆವಲ್ಲ. ಹ್ಯಾನ್‌ಫರ್ಡಿನ ಕರಗಿಸುವ ಪಾತ್ರೆಗಳ ಹೊಗೆದಾರಿಯಲ್ಲಿ ಬೆಳ್ಳಿ ಲೇಪದ ಜಾಡಿಗಳನ್ನು ಕೂಡಿಸುವ ಕೆಲಸ ನಡೆದದ್ದು ಗ್ರೀನ್ ರನ್ ಆದ ಮರುವರ್ಷ. ಆಮೇಲೆ ಹೊರಹೋಗುವ ಅಯೋಡಿನ್ ಬಹಳ ಇಳಿಯಿತು. ಔಷಧ ಇತ್ತು, ರೋಗಕ್ಕೆ ಮೊದಲು ಕೊಡಲಿಲ್ಲ.

ಇಷ್ಟನ್ನು ಓದಿದವರು ಇದು ಹಳೆಯ ಕಥೆ, ಈಗ ಎಲ್ಲೆಡೆ ವರ್ಷಗಟ್ಟಲೆ ಕಾಯಿಸಿಯೇ ಕರಗಿಸುತ್ತಾರಲ್ಲ ಎನ್ನಬಹುದು. ಹೌದು. ವರ್ಷಗಟ್ಟಲೆ ಕಾಯಿಸಿದ ಇಂಧನದಲ್ಲಿ ಅಯೋಡಿನ್-131ರ ಹೆಸರೂ ಉಳಿದಿರುವುದಿಲ್ಲ. ಆದರೆ ಅದಕ್ಕೊಬ್ಬ ಅಣ್ಣನಿದ್ದಾನೆ, ಅಯೋಡಿನ್-129. ಅದರ ಅರ್ಧಾಯುಷ್ಯ 1 ಕೋಟಿ 57 ಲಕ್ಷ ವರ್ಷ. ಕಾಯುವ ಉಪಾಯ ಇದರ ಮುಂದೆ ನಡೆಯದು. ಪ್ರಖರತೆಯಲ್ಲಿ ಇದು ತಮ್ಮನ ಹತ್ತಿರಕ್ಕೂ ಬರುವುದಿಲ್ಲ, ಅಷ್ಟರಮಟ್ಟಿಗೆ ಭಯ ಕಡಿಮೆ. ಆದರೆ ಒಮ್ಮೆ ಹೊರಬಿಟ್ಟರೆ ಮನುಷ್ಯ ಕುಲದ ಲೆಕ್ಕದಲ್ಲಿ ಅದು ಶಾಶ್ವತ. ಸಾಧಾರಣ ನೀರಿನ ರಿಯಾಕ್ಟರಿನ ಒಂದು ಟನ್ ಉರಿದ ಇಂಧನದಲ್ಲಿ ಅದು ಇನ್ನೂರು ಗ್ರಾಂ ಆಸುಪಾಸು ಇರುತ್ತದೆ. ಆಮ್ಲದ ಪಾತ್ರೆಯಲ್ಲಿ ಅದರ ನಡತೆ ತಮ್ಮನದೇ: ಹಾರುವುದು, ಕೂರುವುದು, ಕೊಳವೆಯ ತಣ್ಣನೆಯ ಮೂಲೆಯಲ್ಲಿ ಅಡಗಿ ಮತ್ತೆ ಏಳುವುದು.

ಫ್ರಾನ್ಸಿನ ಲಾ ಹಾಗ್‌ನಲ್ಲಿ ಅದನ್ನು ಕಾಸ್ಟಿಕ್ ನೀರಿನಲ್ಲಿ ಹಿಡಿದು ಆ ನೀರನ್ನು ಕೊಳವೆಯ ಮೂಲಕ ಕಡಲಿಗೆ ಬಿಡುತ್ತ ಬಂದಿದ್ದಾರೆ. ವಿಂಡ್‌ಸ್ಕೇಲಿಗೆ ಸೆಲ್ಲಾಫೀಲ್ಡ್ ಎಂದು ಹೊಸ ಹೆಸರಿಟ್ಟ ಇಂಗ್ಲೆಂಡಿನ ಕಾರ್ಖಾನೆಯೂ ಬಿಟ್ಟಿತು. ಅಲ್ಲಿ ಮರುಸಂಸ್ಕರಣೆ 2022ರಲ್ಲಿ ನಿಂತಿತು. ಎರಡೂ ಸೇರಿ ಕಡಲಿಗೆ ಬಿಟ್ಟದ್ದು ಹಲವು ಟನ್. ಕಡಲಲ್ಲಿ ಸಹಜವಾದ ಅಯೋಡಿನ್ ಬೇಕಾದಷ್ಟಿದೆ, ಅದರಲ್ಲಿ ಬೆರೆತರೆ ಮೀನಿಗೂ ಮನುಷ್ಯನಿಗೂ ತಲುಪುವ ಪಾಲು ಅತ್ಯಲ್ಪ ಎಂಬುದು ಅವರ ವಾದ. ಲೆಕ್ಕದಲ್ಲಿ ಈ ವಾದ ಹುಸಿಯಲ್ಲ. ಗಾಳಿಗೆ ಬಿಡುವುದಕ್ಕಿಂತ ಕಡಲಿಗೆ ಬಿಡುವುದು ಮೇಲು ಎಂಬುದನ್ನೂ ಒಪ್ಪಬಹುದು. ಆದರೆ ಆ ಅಯೋಡಿನ್ ನಾರ್ವೆಯ ದಡ ಹಿಡಿದು ಉತ್ತರ ಧ್ರುವದ ಕಡಲಿನವರೆಗೆ ಹರಿದಿದೆ. ಸಮುದ್ರದ ಹೊನಲುಗಳು ಯಾವ ಕಡೆ ಹರಿಯುತ್ತವೆ ಎಂದು ತಿಳಿಯಲು ವಿಜ್ಞಾನಿಗಳು ಈಗ ಅದನ್ನೇ ಗುರುತಾಗಿ ಬಳಸುತ್ತಾರೆ. ಗುರುತಿಗೆ ಬರುವಷ್ಟು ಹರಡಿದ್ದನ್ನು ಇಲ್ಲವಾಯಿತೆಂದು ಕರೆಯುವುದು ಹೇಗೆ? ಅಂಗಡಿಯ ಕಸವನ್ನು ಚರಂಡಿಗೆ ತಳ್ಳಿದವನೂ ಕಸ ಹೋಯಿತು ಎಂದೇ ಹೇಳುತ್ತಾನೆ.

ನಮ್ಮ ದೇಶವೂ ಈ ಕೆಲಸದಲ್ಲಿದೆ. ಟ್ರಾಂಬೆಯ ಮರುಸಂಸ್ಕರಣ ಕಾರ್ಖಾನೆ 1964ರಲ್ಲಿ ಆರಂಭವಾಯಿತು. ಆಮೇಲೆ ತಾರಾಪುರ, ಕಲ್ಪಾಕ್ಕಂಗಳಲ್ಲೂ ಕಟ್ಟಿದರು. ನಮ್ಮ ಉತ್ತರ ಕನ್ನಡದ ಕೈಗಾದಲ್ಲಿ ರಿಯಾಕ್ಟರುಗಳಿವೆ. ಉರಿದ ಇಂಧನ ಅಲ್ಲಿಯೂ ದಿನವೂ ಹುಟ್ಟುತ್ತಿದೆ. ನಾವು ಅಣುವಿಜ್ಞಾನದ ವಿರೋಧಿಗಳಲ್ಲ. ನಮ್ಮ ವಿಜ್ಞಾನಿಗಳು ಹ್ಯಾನ್‌ಫರ್ಡಿನವರ ಹಾಗೆ ಹಸಿ ಇಂಧನ ಸುಟ್ಟರೆಂದು ಆರೋಪ ಹೊರಿಸಲೂ ಇದನ್ನು ಬರೆಯುತ್ತಿಲ್ಲ. ಕೊಳದಲ್ಲಿ ಇಂಧನ ಕಾಯಿಸುವ ದಿನಗಳನ್ನು ಕಡಿಮೆ ಮಾಡಿ ಎಂದು ಮೇಲಿನಿಂದ ಆಜ್ಞೆ ಬಂದರೆ ಅದು ಹೊರಗಿನ ಜನಕ್ಕೆ ಗೊತ್ತಾಗುವ ದಾರಿ ಯಾವುದು ಎಂಬುದಷ್ಟೆ ನಮ್ಮ ಪ್ರಶ್ನೆ. ಒಳಗಿನ ಕೆಲಸಗಾರನಿಗೆ ಗೊತ್ತಾದರೂ ಅವನು ಬಾಯಿಬಿಟ್ಟರೆ ಅವನ ನೌಕರಿಗೆ ರಕ್ಷಣೆ ಯಾರದು?

ಕೇಳಬೇಕಾದದ್ದು ಮೂರೇ ಅಂಕಿ. ಕರಗಿಸಿದ ಇಂಧನ ಎಷ್ಟು ದಿನ ಕಾದಿತ್ತು? ಅದರಲ್ಲಿದ್ದ ಅಯೋಡಿನ್ನಿನಲ್ಲಿ ಬೆಳ್ಳಿಗೂ ಕಾಸ್ಟಿಕ್ಕಿಗೂ ಸಿಕ್ಕಿದ್ದೆಷ್ಟು? ಕೊಳವೆಯಿಂದ ಗಾಳಿಗೆ, ನಾಲೆಯಿಂದ ನೀರಿಗೆ ಹೋದದ್ದೆಷ್ಟು? ಇವುಗಳಿಂದ ಯಾವ ಶತ್ರುವಿಗೂ ಬಾಂಬು ಮಾಡುವ ವಿದ್ಯೆ ಬರುವುದಿಲ್ಲ. ಸುತ್ತಲ ಹಳ್ಳಿಗಳ ಹಾಲನ್ನು ಅಳೆದ ಲೆಕ್ಕವೂ ಇವುಗಳ ಜೊತೆಗಿರಲಿ, ಮತ್ತು ಆ ಅಳತೆಯನ್ನು ಕಾರ್ಖಾನೆಯ ಸಂಬಳ ಉಣ್ಣದವರು ಮಾಡಲಿ. ತಿಂಗಳಿಗೊಮ್ಮೆ ಇವನ್ನು ಆಯಾ ಸ್ಥಳದ ಜನ ಓದುವ ಭಾಷೆಯಲ್ಲಿ, ಕಲ್ಪಾಕ್ಕಂನಲ್ಲಿ ತಮಿಳಿನಲ್ಲಿ, ತಾರಾಪುರದಲ್ಲಿ ಮರಾಠಿಯಲ್ಲಿ, ಪಂಚಾಯತಿ ಕಛೇರಿಯ ಹೊರಗೋಡೆಯ ಮೇಲೆ ಅಂಟಿಸಬೇಕು. ಈ ಬೇಡಿಕೆಯನ್ನು ತಮ್ಮ ಸಂಘದ ಮುಂದಿನ ಸಭೆಯಲ್ಲಿ ಠರಾವಾಗಿ ಮಾಡಿ ಮುಂಬಯಿಯ ಅಣುಶಕ್ತಿ ಖಾತೆಗೂ ತಮ್ಮ ಲೋಕಸಭಾ ಸದಸ್ಯರಿಗೂ ಕಳುಹಿಸಬೇಕೆಂದು ಗಿರಣಿ ಕಾರ್ಮಿಕ ಸಂಘಗಳನ್ನೂ ವರ್ತಕರ ಸಂಘಗಳನ್ನೂ ಕೇಳಿಕೊಳ್ಳುತ್ತೇವೆ. ಬಂದ ಉತ್ತರವನ್ನು, ಉತ್ತರ ಬಾರದಿದ್ದರೆ ಬರಲಿಲ್ಲವೆಂಬುದನ್ನು, ಇದೇ ಪುಟದಲ್ಲಿ ಅಚ್ಚುಹಾಕುತ್ತೇವೆ.